ಕನ್ನಡಿಯೊಳಗಿನ ಗಂಟು: ಅಂಕೋಲೆಯ ಎರಡು ಹಾರ್ಡ್ ಡಿಸ್ಕ್‌ಗಳ ಕಥೆ

ಇವತ್ತಿನ ಕಂತು ತುಂಬಾ ಉದ್ದ ಇಲ್ಲ. ಅಂಕೋಲೆಯಲ್ಲಿ ಕಾರವಾರದ ಬಸ್ ಹತ್ತಿದ್ರೆ ಅವರ್ಸಾ ದಾಟೋ ಹೊತ್ತಿಗೆ ಮುಗಿಯತ್ತೆ. ಆದರೆ ಇದನ್ನ ಹೇಳೋಕೆ ನಾನು ಆರೇಳು ವರ್ಷ ಹಿಂದೆಮುಂದೆ ನೋಡಿದ್ದೀನಿ. ಯಾಕೆ ಅಂತ ಮುಂದೆ ಗೊತ್ತಾಗತ್ತೆ.

2019ರ ಆಗಸ್ಟ್‌ನಲ್ಲಿ ಗಂಗಾವಳಿ ನದಿ ದಂಡೆ ಮೀರಿ ಅಂಕೋಲಾ ತಾಲೂಕಿನ ಊರುಗಳಿಗೆ ನುಗ್ಗಿತು. ಆ ಕಡೆ ಕದ್ರಾ ಅಣೆಕಟ್ಟಿನ ನೀರು ಬಿಟ್ಟು ಕಾಳಿ ನದಿಯೂ ಉಕ್ಕಿತ್ತು. ಗಂಗಾವಳಿ ದಂಡೆಯ ಒಂದು ಮನೆಯಲ್ಲಿ ನೀರು ಎರಡು ದಿನ ನಿಂತಿತ್ತು. ಆ ಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್, ಅದರೊಳಗೆ ಜೋಡಿ ಮಾಡಿದ್ದ ಎರಡು ಹಾರ್ಡ್ ಡಿಸ್ಕ್. ಜೋಡಿ ಮಾಡಿದ್ದು ನಾನೇ. "ಇನ್ನು ಚಿಂತೆ ಇಲ್ಲ" ಅಂತ ಹೇಳಿದ್ದೂ ನಾನೇ.

ಮನೆ ಯಜಮಾನರು ಅಂಕೋಲೆ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಹೆಸರು ಬೇಡ. ನಾವೆಲ್ಲ ಕರೀತಿದ್ದದ್ದು ಸ್ಟುಡಿಯೋ ಮಾಮ ಅಂತ. ಮದುವೆ, ಮುಂಜಿ, ಶಾಲೆಯ ಗ್ರೂಪ್ ಫೋಟೋ, ಯಕ್ಷಗಾನದ ವೇಷ, ಎಲ್ಲಾ ತೆಗೆದವರು. ಅವರ ಹತ್ರ ಇನ್ನೊಂದು ಖಜಾನೆ ಇತ್ತು. ಅರಗಾ ಕಡೆಯ ಊರುಗಳಲ್ಲಿ ಅವರು ಚಿಕ್ಕ ವಯಸ್ಸಲ್ಲಿ ತೆಗೆದ ಫೋಟೋಗಳ ನೆಗೆಟಿವ್. ನಿಮ್ಮಲ್ಲಿ ಹಲವರಿಗೆ ಅರಗಾ ಅಂದ್ರೆ ನೌಕಾನೆಲೆಯ ಗೇಟು ಅಷ್ಟೇ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆಗೆ ಕಾರವಾರ, ಅಂಕೋಲಾ ತಾಲೂಕಿನ 13 ಹಳ್ಳಿಗಳ ಜಾಗ ಹೋಯಿತು. ಸಾವಿರಾರು ಕುಟುಂಬ ಎದ್ದು ಪುನರ್ವಸತಿ ಕಾಲೋನಿಗಳಿಗೆ ಹೋದವು. 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಶುರುವಾಯಿತು. ಆ ಮನೆ, ಆ ಅಂಗಳ, ಆ ತುಳಸಿಕಟ್ಟೆ ಈಗ ನೋಡೋಕೆ ಹೋಗೋ ಹಾಗಿಲ್ಲ. ಮಾಮನ ನೆಗೆಟಿವ್‌ನಲ್ಲಿ ಮಾತ್ರ ಇದ್ದವು.

ಇಷ್ಟು ತಲೆಯಲ್ಲಿ ಇಟ್ಕೊಳ್ಳಿ. ಈಗ ಸ್ವಲ್ಪ ಹಿಂದೆ ಹೋಗೋಣ, 1956ಕ್ಕೆ.

ಆ ವರ್ಷದ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಕಾರವಾರದ ಕಚೇರಿಯ ದಫ್ತರ ಎಲ್ಲಾ ಕಾಗದದ್ದೇ. ಸರಿಯಾಗಿ ಅದೇ ಹೊತ್ತಲ್ಲಿ, ಸೆಪ್ಟೆಂಬರ್ ತಿಂಗಳಲ್ಲಿ, ಅಮೆರಿಕದ ಐಬಿಎಂ ಕಂಪನಿ ರಾಮ್ಯಾಕ್ ಅನ್ನೋ ಯಂತ್ರ ಹೊರಗೆ ತಂದಿತು. ಹಾರ್ಡ್ ಡಿಸ್ಕ್ ಇದ್ದ ಮೊದಲ ವಾಣಿಜ್ಯ ಕಂಪ್ಯೂಟರ್ ಅದು. 24 ಇಂಚು ಅಗಲದ 50 ತಟ್ಟೆ ಒಂದರ ಮೇಲೊಂದು ಜೋಡಿಸಿದ್ದು, ನಿಮಿಷಕ್ಕೆ 1,200 ಸುತ್ತು ತಿರುಗೋದು. ಡಿಸ್ಕ್ ಭಾಗವೇ ಒಂದು ಟನ್ ತೂಕ. ಹಿಡೀತಿದ್ದದ್ದು 50 ಲಕ್ಷ ಅಕ್ಷರ, ಅಂದ್ರೆ ಸುಮಾರು 5 ಎಂಬಿ. ತಿಂಗಳಿಗೆ 3,200 ಡಾಲರ್ ಬಾಡಿಗೆ. ನಿಮ್ಮ ಫೋನಲ್ಲಿ ಈಗ ಒಂದು ಸೆಲ್ಫಿ ತೆಗೆದ್ರೆ ಅದು ರಾಮ್ಯಾಕ್‌ನಲ್ಲಿ ಕೂರೋದು ಅನುಮಾನ.

1980ಕ್ಕೆ ಸೀಗೇಟ್‌ನವರು ಅದೇ 5 ಎಂಬಿಯನ್ನ ಐದೂಕಾಲು ಇಂಚಿನ ಡಬ್ಬಿಗೆ ಇಳಿಸಿದರು. 1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿ ಡಿಸ್ಕ್ ಬಂತು. ಡಿಸ್ಕ್ ಚಿಕ್ಕದಾಯಿತು, ಅಗ್ಗವೂ ಆಯಿತು, ಆದರೆ ಹಾಳಾಗೋದು ಮಾತ್ರ ನಿಲ್ಲಲಿಲ್ಲ. ಒಳಗೆ ತಟ್ಟೆ ಜೋರಾಗಿ ತಿರುಗ್ತಾ ಇರತ್ತೆ, ಅದರ ಮೇಲೆ ಓದೋ ಹೆಡ್ ಕೂದಲೆಳೆಗಿಂತ ಎಷ್ಟೋ ಪಟ್ಟು ಕಮ್ಮಿ ಅಂತರದಲ್ಲಿ ತೇಲ್ತಾ ಇರತ್ತೆ. ಒಂದು ಧೂಳಿನ ಕಣ ಸಾಕು, ಕಥೆ ಮುಗೀತು.

ಅಲ್ಲಿಗೆ ಬರತ್ತೆ ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಪ್ರಬಂಧ. 1988. ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್. ಅವರು ಕೇಳಿದ್ದು ಒಂದು ಸಾದಾ ಪ್ರಶ್ನೆ: ಒಂದು ದೊಡ್ಡ ದುಬಾರಿ ಡಿಸ್ಕ್ ಬದಲು ನೂರು ಸಣ್ಣ ಅಗ್ಗದ ಡಿಸ್ಕ್ ಇಟ್ರೆ ಹೇಗೆ? ವೇಗ ಸಿಗತ್ತೆ, ದುಡ್ಡೂ ಉಳಿಯತ್ತೆ. ಆದರೆ ಲೆಕ್ಕ ಹಾಕಿದ್ರೆ ಗಾಬರಿಯಾಗತ್ತೆ. ಒಂದು ಡಿಸ್ಕ್ ಸರಾಸರಿ 30,000 ತಾಸು ಬಾಳ್ತದೆ ಅಂದ್ಕೊಳ್ಳಿ. ನೂರು ಡಿಸ್ಕ್ ಇದ್ರೆ ಅವುಗಳಲ್ಲಿ ಯಾವುದಾದ್ರೂ ಒಂದು 300 ತಾಸಿಗೆ ಹೋಗತ್ತೆ. ಎರಡು ವಾರವೂ ಇಲ್ಲ! ಹಾಗಾಗಿ ಕೆಲವು ಡಿಸ್ಕ್ ಹೋದರೂ ಮಾಹಿತಿ ಉಳಿಯೋ ಹಾಗೆ ಹೆಚ್ಚುವರಿ ಬರೆದಿಡಬೇಕು ಅಂದರು. ಇದೇ ರೇಡ್. ಹೆಸರಲ್ಲಿದ್ದ 'ಅಗ್ಗದ' ಅನ್ನೋ ಪದವನ್ನ ಮುಂದೆ ಮಾರುವವರು 'ಸ್ವತಂತ್ರ' ಅಂತ ಬದಲಿಸಿಕೊಂಡರು. ಅಗ್ಗ ಅಂತ ಬರೆದು ಯಾರು ಮಾರ್ತಾರೆ ಹೇಳಿ.

ಅದರಲ್ಲಿ ಹಲವು ಹಂತ ಇವೆ. ಐದನೇ ಹಂತ ಅಂಗಡಿ ಬಿಲ್ ಇದ್ದ ಹಾಗೆ. ಬಿಲ್‌ನಲ್ಲಿ ಅಕ್ಕಿಯ ದರ ಅಳಿಸಿಹೋದ್ರೂ, ಒಟ್ಟು ಮೊತ್ತ ಮತ್ತು ಉಳಿದ ಸಾಮಾನಿನ ದರ ಇದ್ರೆ ಕಳೆದು ಕಂಡುಹಿಡೀಬಹುದಲ್ವಾ, ಹಾಗೆ. ಮೊದಲನೇ ಹಂತ ಇನ್ನೂ ಸರಳ. ಎರಡು ಡಿಸ್ಕ್, ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲಿ. ಹೆಸರೇ ಮಿರರ್, ಕನ್ನಡಿ. ಇದು ಬರ್ಕ್ಲಿಯವರು ಕಂಡುಹಿಡಿದದ್ದಲ್ಲ, ಅವರಿಗಿಂತ ಮೊದಲೇ ದೊಡ್ಡ ಕಂಪ್ಯೂಟರ್‌ಗಳಲ್ಲಿ ಇತ್ತು. ಅವರು ಸೇರಿಸಿ ನಂಬರ್ ಕೊಟ್ಟರು.

ನಮ್ಮ ಕಡೆ ಡಿಸ್ಕ್ ಅನ್ನೋದು ಜನರ ಬದುಕಿಗೆ ತಾಗಿದ್ದು 'ಭೂಮಿ' ಯೋಜನೆಯಿಂದ. ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನ ತಾಲೂಕು ಕಚೇರಿಗಳ ಕಂಪ್ಯೂಟರ್‌ಗೆ ಏರಿಸಿದರು. ಅಪ್ಪನ ಜೊತೆ ಅಂಕೋಲೆ ತಹಶೀಲ್ದಾರ್ ಕಚೇರಿಗೆ ಹೋಗಿದ್ದು ನೆನಪಿದೆ. 15 ರೂಪಾಯಿ ಕೊಟ್ಟರೆ ಪ್ರಿಂಟ್. ಗಿರಾಕಿ ಕಡೆಗೂ ಒಂದು ಪರದೆ ತಿರುಗಿಸಿ ಇಟ್ಟಿದ್ದರು, ನಮ್ಮ ಗದ್ದೆಯ ಸರ್ವೆ ನಂಬರ್ ಅದರಲ್ಲಿ ಮೂಡಿತು. ವಾಪಸ್ ಬರುವಾಗ ಅಪ್ಪ ಒಂದೇ ಮಾತು ಕೇಳಿದ್ದು: "ಆ ಡಬ್ಬಿ ಹಾಳಾದ್ರೆ ನಮ್ಮ ಗದ್ದೆ ಎಲ್ಲಿರ್ತದೆ?" ನಾನು ನಕ್ಕಿದ್ದೆ. ಎಷ್ಟು ಸರಿಯಾದ ಪ್ರಶ್ನೆ ಅಂತ ತಿಳಿಯೋಕೆ ವರ್ಷಗಳೇ ಬೇಕಾದವು.

ನಾನು ಲಿನಕ್ಸ್ ಕಲಿತದ್ದು 'ಲಿನಕ್ಸ್ ಫಾರ್ ಯೂ' ಪತ್ರಿಕೆ ಜೊತೆ ಬರೋ ಡಿಸ್ಕ್‌ಗಳಿಂದ. ಡಿಪ್ಲೊಮಾ ಮುಗಿಸಿ ಕೆಲಸ ಇಲ್ಲದೇ ಮಾಮನ ಸ್ಟುಡಿಯೋದಲ್ಲಿ ಕೂತಿರ್ತಿದ್ದೆ. ಅಲ್ಲಿದ್ದದ್ದು ಒಂದು ಹಳೇ ಕಂಪ್ಯೂಟರ್, 80 ಜಿಬಿ ಡಿಸ್ಕ್, ಪಕ್ಕದಲ್ಲಿ ಫೋಟೋ ತುಂಬಿದ ಸಿಡಿಗಳ ರಾಶಿ. ಸಿಡಿಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡೀತಿತ್ತು. ಕರಾವಳಿ ಗಾಳಿ ಗೊತ್ತಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರು ನಮ್ಮದು, ಉಪ್ಪು ಸಮುದ್ರದಲ್ಲಿ ಮಾತ್ರ ಅಲ್ಲ, ಕಬ್ಬಿಣದ ಕಿಟಕಿ ಸರಳಿನಲ್ಲೂ ಇರತ್ತೆ. ಇದು ಬರೀ ನಮ್ಮ ಅನುಭವ ಅಲ್ಲ. 2016ರಲ್ಲಿ ಮೈಕ್ರೋಸಾಫ್ಟ್‌ನ ಒಂಬತ್ತು ಡೇಟಾ ಸೆಂಟರ್‌ಗಳ ಹತ್ತು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಮೇಲೆ ನಡೆದ ಅಧ್ಯಯನವೊಂದು ಬಂತು. ಡಿಸ್ಕ್ ಹಾಳಾಗೋದಕ್ಕೆ ಬಿಸಿಗಿಂತ ತೇವಾಂಶವೇ ದೊಡ್ಡ ಕಾರಣ ಅಂತ ಅದರಲ್ಲಿ ಕಂಡಿತು. ನಮ್ಮ ಅಜ್ಜಿಯಂದಿರು ಹಪ್ಪಳದ ಡಬ್ಬಿ ನೋಡಿಯೇ ಇದನ್ನ ಹೇಳ್ತಿದ್ದರು.

2011ರ ಕೊನೆಗೆ ನಾನು ಮಾಮನಿಗೆ ಹೇಳಿದೆ, ಒಂದೊಂದು ಟಿಬಿಯ ಎರಡು ಡಿಸ್ಕ್ ತರೋಣ, ಕನ್ನಡಿ ಮಾಡೋಣ ಅಂತ. ಹುಬ್ಬಳ್ಳಿ ಅಂಗಡಿಗೆ ಫೋನ್ ಮಾಡಿದ್ರೆ ದರ ಹೆಚ್ಚುಕಮ್ಮಿ ಇಮ್ಮಡಿ! ಕಾರಣ ಥಾಯ್ಲೆಂಡ್. ಅಲ್ಲಿ ಆ ವರ್ಷ ಭಾರೀ ಪ್ರವಾಹ ಬಂದು ವೆಸ್ಟರ್ನ್ ಡಿಜಿಟಲ್ ಕಾರ್ಖಾನೆ ಸೇರಿ ಹಲವು ಕಾರ್ಖಾನೆ ಮುಳುಗಿದ್ದವು, ಇಡೀ ಜಗತ್ತಿಗೆ ಡಿಸ್ಕ್ ಕೊರತೆ. ಮಾಮ ಕ್ಯಾಮೆರಾ ಒರೆಸ್ತಾ ಕೇಳಿದ್ರು, "ಅಲ್ಲ ತಮಾ, ಥಾಯ್ಲೆಂಡಲ್ಲಿ ನೆರೆ ಬಂದ್ರೆ ಅಂಕೋಲೆಯಲ್ಲಿ ನಾನ್ಯಾಕೆ ದಂಡ ಕಟ್ಬೇಕು?" ಬೈಕೊಳ್ತಾನೇ ದುಡ್ಡು ಕೊಟ್ರು.

2012ರ ಜನವರಿ. ಕಪ್ಪು ಪರದೆ, ಬಿಳಿ ಅಕ್ಷರ. ಮೌಸ್ ಇಲ್ಲ, ಚಿತ್ರ ಇಲ್ಲ. ಲಿನಕ್ಸ್‌ನಲ್ಲಿ ಡಿಸ್ಕ್‌ಗಳಿಗೆ ಹೆಸರಿರತ್ತೆ, ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಅಂತ. ಹಳೇ 80 ಜಿಬಿಯದ್ದು ಎ, ಹೊಸವು ಬಿ ಮತ್ತು ಸಿ. ಜೋಡಿಸೋ ಕಮಾಂಡ್ ಎಂಡಿ-ಆ್ಯಡಂ, ನೀಲ್ ಬ್ರೌನ್ ಅನ್ನೋ ಆಸ್ಟ್ರೇಲಿಯಾದವರು 2001ರಲ್ಲಿ ಬರೆದದ್ದು. ಒಂದೇ ಸಾಲು: ಹೊಸ ಜೋಡಿ ಮಾಡು, ಹಂತ ಒಂದು, ಡಿಸ್ಕ್ ಎರಡು, ಬಿ ಮತ್ತು ಸಿ. ಎಂಟರ್ ಒತ್ತಿದೆ. ಎರಡೂ ಡಿಸ್ಕ್ ಸಮ ಆಗೋಕೆ ಮೂರು ತಾಸಿನ ಮೇಲೆ ಹಿಡೀತು. ಆಮೇಲೆ ಎಂಡಿ-ಸ್ಟ್ಯಾಟ್ ಅನ್ನೋ ಕಡತ ತೆರೆದು ನೋಡಿದ್ರೆ ಚೌಕ ಬ್ರಾಕೆಟ್ ಒಳಗೆ ಎರಡು ಇಂಗ್ಲಿಷ್ ಯು. ಯು ಅಂದ್ರೆ ಅಪ್, ಡಿಸ್ಕ್ ಎದ್ದು ನಿಂತಿದೆ ಅಂತ. ಒಂದು ಬಿದ್ದರೆ ಆ ಯು ಜಾಗದಲ್ಲಿ ಬರೀ ಒಂದು ಅಡ್ಡಗೆರೆ.

ಮಾಮನಿಗೆ ಮಾನಿಟರ್ ಅಂಚಿಗೆ ಒಂದು ಚೀಟಿ ಅಂಟಿಸಿಕೊಟ್ಟೆ. ಮೊದಲ ಸಾಲಲ್ಲಿ ಟೈಪ್ ಮಾಡ್ಬೇಕಾದ ಕಮಾಂಡ್. ಕೆಳಗೆ, "ಎರಡು ಯು ಕಂಡರೆ ಕೆಲಸ ಮಾಡಿ. ಒಂದೇ ಯು ಕಂಡರೆ ನನಗೆ ಫೋನ್ ಮಾಡಿ." ಮಾಮ ದಿನಾ ಬೆಳಿಗ್ಗೆ ದೇವರ ಫೋಟೋಗೆ ಊದಿನಕಡ್ಡಿ ಹಚ್ಚಿ, ಕೂತು ಆ ಸಾಲು ಟೈಪ್ ಮಾಡ್ತಿದ್ರು. ಒಂದು ಬೆರಳಲ್ಲಿ.

2014ರ ಜುಲೈಯಲ್ಲಿ ಫೋನ್ ಬಂತು. "ತಮಾ, ಒಂದು ಯು ಬಿದ್ದೋಗಿದೆ."

ಈ ಕೆಲಸದಲ್ಲಿ ನಿಜವಾದ ಭಯ ಇರೋದು ಇಲ್ಲೇ. ಹಾಳಾದ ಡಿಸ್ಕ್ ತೆಗೀಬೇಕು, ಒಳ್ಳೇದನ್ನ ಬಿಡಬೇಕು. ಎರಡೂ ನೋಡೋಕೆ ಒಂದೇ ಥರ. ಬಿ, ಸಿ ಅನ್ನೋ ಹೆಸರುಗಳೂ ನಂಬೋ ಹಾಗಿಲ್ಲ, ಕಂಪ್ಯೂಟರ್ ಮತ್ತೆ ಶುರು ಮಾಡಿದಾಗ ನಿನ್ನೆಯ ಬಿ ಇವತ್ತು ಸಿ ಆಗಿರಬಹುದು. ಕಮಾಂಡ್ ಲೈನ್ "ಖಂಡಿತನಾ?" ಅಂತ ಎಲ್ಲ ಸಲ ಕೇಳಲ್ಲ. ಹೇಳಿದ್ದನ್ನ ಮಾಡಿಬಿಡತ್ತೆ. ಲಿನಕ್ಸ್ ಹುಟ್ಟಿಸಿದ ಲೀನಸ್ ಟೊರ್ವಾಲ್ಡ್ಸ್‌ಗೇ 1991ರಲ್ಲಿ ಹೀಗಾಗಿತ್ತು. ಮೋಡೆಮ್‌ಗೆ ಕಳಿಸಬೇಕಾದ ಡಯಲ್ ಕಮಾಂಡ್ ಕೈತಪ್ಪಿ ಹಾರ್ಡ್ ಡಿಸ್ಕ್‌ಗೆ ಹೋಗಿ, ಅವರು ಕೆಲಸ ಮಾಡ್ತಿದ್ದ ಮಿನಿಕ್ಸ್ ವ್ಯವಸ್ಥೆ ಅಳಿಸಿಹೋಯಿತು. ಅದನ್ನ ಮತ್ತೆ ಹಾಕೋ ಬದಲು ತಾವೇ ಬರೀತಿದ್ದ ಲಿನಕ್ಸ್‌ಗೆ ಪೂರ್ತಿ ಬಂದುಬಿಟ್ಟರು. ಅವರ ತಪ್ಪಿನಿಂದ ಜಗತ್ತಿಗೆ ಲಾಭ ಆಯಿತು. ನನ್ನ ತಪ್ಪಿಂದ ಅಂಥದ್ದೇನೂ ಆಗ್ತಿರಲಿಲ್ಲ.

ಹಾಗಾಗಿ ಸ್ಮಾರ್ಟ್-ಸಿಟಿಎಲ್ ಕಮಾಂಡ್ ಹಾಕಿ ಡಿಸ್ಕ್‌ನ ಸೀರಿಯಲ್ ನಂಬರ್ ತೆಗೆದೆ. ಮಾಮ ಟಾರ್ಚ್ ಹಿಡಿದು ಡಿಸ್ಕ್ ಮೇಲಿನ ಚೀಟಿಯ ಕೊನೇ ನಾಲ್ಕು ಅಂಕಿ ಓದಿದ್ರು. ನಾನು ಪರದೆ ನೋಡಿ ಓದಿದೆ. ಮೂರು ಸಲ. ಆಮೇಲೆ ಕಮಾಂಡ್‌ಗಳು: ಇದು ಹಾಳಾಗಿದೆ ಅಂತ ಗುರುತು ಹಾಕು, ಜೋಡಿಯಿಂದ ತೆಗಿ. ಯಂತ್ರ ಆರಿಸಿ, ಹೊಸ ಡಿಸ್ಕ್ ಕೂರಿಸಿ, ಸೇರಿಸು. ಮಧ್ಯೆ ಕರೆಂಟ್ ಹೋಯ್ತು, ಯುಪಿಎಸ್ ಕಿರುಚೋಕೆ ಶುರು ಮಾಡ್ತು, ಮಾಮ ದೇವರ ಹೆಸರು ಹೇಳೋಕೆ ಶುರು ಮಾಡಿದ್ರು. ರಾತ್ರಿ ಹತ್ತಕ್ಕೆ ಎರಡು ಯು. ಒಂದು ಫೋಟೋನೂ ಹೋಗಿರಲಿಲ್ಲ. ಅವತ್ತು ಮಾಮನ ಮನೆಯಲ್ಲಿ ಬಂಗಡೆ ಸಾರು ಊಟ, ನನಗೆ ಜಗತ್ತು ಗೆದ್ದಷ್ಟು ಸೊಕ್ಕು. ಆ ಸೊಕ್ಕೇ ಮುಂದೆ ಮುಳುವಾಯ್ತು ಅಂತ ಈಗ ಅನ್ಸತ್ತೆ.

2015ಕ್ಕೆ ನಾನು ಬೆಂಗಳೂರಿಗೆ ಬಂದೆ, ಕೆಲಸ ಸಿಕ್ತು. ಎಲ್ಲರ ಕೈಗೂ ಕ್ಯಾಮೆರಾ ಇರೋ ಫೋನ್ ಬಂದು ಸ್ಟುಡಿಯೋ ಸೊರಗಿತು. 2016ರಲ್ಲಿ ಮಾಮ ಬಾಗಿಲು ಹಾಕಿ ಕಂಪ್ಯೂಟರನ್ನ, ನೆಗೆಟಿವ್ ಪೆಟ್ಟಿಗೆಗಳನ್ನ ನದಿ ದಂಡೆಯ ಮನೆಗೆ ಸಾಗಿಸಿದ್ರು. ಡಿಸ್ಕ್‌ಗಳು ಒಂದೇ ಡಬ್ಬಿಯಲ್ಲಿ, ಡಬ್ಬಿ ನೆಲದ ಮೇಲೆ, ಪೆಟ್ಟಿಗೆಗಳು ಅದೇ ಕೋಣೆಯಲ್ಲಿ. 2017ರ ದೀಪಾವಳಿಗೆ ಹುಬ್ಬಳ್ಳಿಯಿಂದ ಮಗಳು ಬಂದಿದ್ದಳು. ಅಪ್ಪನ ಫೋಟೋ ಮಕ್ಕಳಿಗೆ ತೋರಿಸೋಣ ಅಂತ ಎಲ್ಲವನ್ನೂ ಒಂದು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡ್ಕೊಂಡು ಹೋದಳು. ಮುನ್ನೆಚ್ಚರಿಕೆ ಅಂತೆಲ್ಲ ಏನಿಲ್ಲ, ಬರೀ ಪ್ರೀತಿಗೆ.

2018ರ ಮಳೆಗಾಲದಲ್ಲಿ ಮಾಮ ಒಂದು ಹಳೇ ಸ್ಕ್ಯಾನರ್ ಹಿಡಿದು ಕೂತ್ರು. ಅರಗಾ ನೆಗೆಟಿವ್‌ಗಳನ್ನ ಒಂದೊಂದಾಗಿ ಸ್ಕ್ಯಾನ್ ಮಾಡಿದ್ರು. ಆಗಾಗ ಫೋನ್: "ತಮಾ, ಇವತ್ತು ಒಂದು ಮದುವೆ ಮುಗೀತು. ಅಂಗಳದಲ್ಲಿ ಚಪ್ಪರ, ಹಿಂದೆ ಸಮುದ್ರ." ಒಂದು ಸಲ ಕೇಳಿದ್ರು, "ಇದನ್ನೂ ಮಗಳ ಡಿಸ್ಕ್‌ಗೆ ಹಾಕ್ಲಿಕ್ಕೆ ಬೇಕಾ? ಅವಳನ್ನ ಬರಲಿಕ್ಕೆ ಹೇಳ್ಲಾ?"

ನಾನು ಹೇಳಿದೆ, "ಬೇಡ ಮಾಮ. ಕನ್ನಡಿ ಇದೆಯಲ್ಲ. ಎರಡು ಕಾಪಿ ಇದೆ. ಚಿಂತೆ ಇಲ್ಲ."

ನನಗೆ ಗೊತ್ತಿತ್ತು. ರೇಡ್ ಬೇರೆ, ಬ್ಯಾಕಪ್ ಬೇರೆ ಅನ್ನೋದು ಈ ಕೆಲಸ ಕಲಿಯೋರಿಗೆ ಮೊದಲು ಹೇಳೋ ಮಾತು. ಕನ್ನಡಿ ಒಂದು ಡಿಸ್ಕ್ ಸತ್ತಾಗ ಮಾತ್ರ ಕಾಯತ್ತೆ. ಒಂದರಲ್ಲಿ ಅಳಿಸಿದ್ರೆ ಆ ಕ್ಷಣಕ್ಕೇ ಇನ್ನೊಂದರಲ್ಲೂ ಅಳಿಸಿಹೋಗತ್ತೆ. ವೈರಸ್ ಬಂದ್ರೆ ಎರಡಕ್ಕೂ. ಸಿಡಿಲು, ಕಳ್ಳ, ನೀರು, ಎಲ್ಲಾ ಎರಡಕ್ಕೂ. ಆಫೀಸಲ್ಲಿ ಹೊಸಬರಿಗೆ ನಾನೇ ಇದನ್ನ ಹೇಳ್ತಿದ್ದೆ. ಊರಿನ ಫೋನ್ ಬಂದಾಗ ಮೀಟಿಂಗ್‌ಗೆ ಹೊತ್ತಾಗಿತ್ತು, ಸುಲಭದ ಉತ್ತರ ಕೊಟ್ಟೆ. ಕನ್ನಡಿಯೊಳಗಿನ ಗಂಟು ಅಂತಾರಲ್ಲ, ಕಾಣತ್ತೆ, ಕೈಗೆ ಸಿಗಲ್ಲ. ಅದನ್ನೇ ಮಾಮನ ಕೈಗೆ ಕೊಟ್ಟಿದ್ದೆ.

ನೀರು ಇಳಿದ ಮೇಲೆ ಮಾಮ ಡಿಸ್ಕ್‌ಗಳನ್ನ ಹೊರಗೆ ತೆಗೆದು, ಬಾವಿ ನೀರಲ್ಲಿ ಕೆಸರು ತೊಳೆದು, ಬಿಸಿಲು ಬಂದಾಗೆಲ್ಲ ಅಂಗಳದಲ್ಲಿ ಒಣಗಿಸಿದ್ರು. ಅಡಿಕೆ ಒಣಗಿಸೋ ಹಾಗೆ. ನಾಲ್ಕನೇ ದಿನ ಪಕ್ಕದ ಮನೆಯ ಕಂಪ್ಯೂಟರ್‌ಗೆ ಹಚ್ಚಿ ಚಾಲೂ ಮಾಡಿದ್ರು. ಮಾಡಬಾರದಿತ್ತು. ಆ ಕಾಲದ ಸಾಮಾನ್ಯ ಹಾರ್ಡ್ ಡಿಸ್ಕ್ ಪೂರ್ತಿ ಮುಚ್ಚಿದ ಡಬ್ಬಿ ಅಲ್ಲ, ಒಳಗಿನ ಗಾಳಿಯ ಒತ್ತಡ ಸರಿ ಇರಲಿ ಅಂತ ಸಣ್ಣದೊಂದು ತೂತು ಇರತ್ತೆ, ಫಿಲ್ಟರ್ ಸಮೇತ. ಹೀಲಿಯಂ ತುಂಬಿ ಬಿಗಿಯಾಗಿ ಮುಚ್ಚಿದ ಡಿಸ್ಕ್ ಮಾರುಕಟ್ಟೆಗೆ ಬಂದದ್ದೇ 2013ರಲ್ಲಿ, ಅದೂ ದೊಡ್ಡ ಡೇಟಾ ಸೆಂಟರ್‌ಗಳಿಗೆ. ಆ ತೂತಿನಿಂದ ಗಂಗಾವಳಿ ಒಳಗೆ ಹೋಗಿತ್ತು. ನೀರು ಒಣಗಿದ್ರೂ ಕೆಸರು ತಟ್ಟೆ ಮೇಲೆ ಉಳಿಯತ್ತೆ. ಕರೆಂಟ್ ಕೊಟ್ಟ ಕೂಡಲೇ ಹೆಡ್ ಅದರ ಮೇಲೆ ಉಜ್ಜತ್ತೆ. ಒದ್ದೆ ಡಿಸ್ಕ್ ಸಿಕ್ಕಿದ್ರೆ ಚಾಲೂ ಮಾಡದೇ, ಹಾಗೇ ರಿಕವರಿ ಮಾಡೋರ ಹತ್ರ ಒಯ್ಯಬೇಕು. ಇದನ್ನ ಮಾಮನಿಗೆ ಹೇಳೋಕೆ ಆಗಲೇ ಇಲ್ಲ. ನೆಟ್‌ವರ್ಕ್ ಇರಲಿಲ್ಲ, ಹೆದ್ದಾರಿಯೂ ಬಂದ್ ಆಗಿತ್ತು.

ನಾನು ಊರಿಗೆ ಹೋಗಿ ಎರಡನ್ನೂ ಬೆಂಗಳೂರಿಗೆ ತಂದು ಒಂದು ಕಡೆ ತೋರಿಸಿದೆ. ಒಂದು ಮೌನ. ಇನ್ನೊಂದು ಟಕ್, ಟಕ್, ಟಕ್. ಬಿಚ್ಚಿ ನೋಡಿದವರು ತಟ್ಟೆಯ ಮೇಲಿನ ಉಂಗುರದಂಥ ಗೀರು ತೋರಿಸಿ ತಲೆ ಅಲ್ಲಾಡಿಸಿದ್ರು. ನೆಗೆಟಿವ್‌ಗಳು ಒಂದಕ್ಕೊಂದು ಅಂಟಿ ಇಟ್ಟಿಗೆ ಥರ ಆಗಿದ್ದವು. ಬಿಡಿಸಿದ್ರೆ ಚಿತ್ರವೇ ಕಿತ್ತು ಬರ್ತಿತ್ತು.

2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಬಗ್ಗೆ ಒಂದು ಪ್ರಬಂಧ ಬರೆದಿದ್ರು. ಹಾಳಾದವುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮುಖ್ಯವಾದ ಯಾವ ಎಚ್ಚರಿಕೆಯನ್ನೂ ಕೊಡದೇ ಹೋಗಿದ್ದವು ಅಂತ ಅದರಲ್ಲಿದೆ. ಆ ಸಾಲನ್ನ ನಾನು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೀನಿ. ಮಾಮನ ವಿಷಯದಲ್ಲಿ ಎಚ್ಚರಿಕೆ ಸ್ಪಷ್ಟವಾಗೇ ಬಂದಿತ್ತು, ಫೋನಿನಲ್ಲಿ, ಅವರ ದನಿಯಲ್ಲೇ. ಅದನ್ನ ಕೇಳಿಸಿಕೊಳ್ಳದವನು ನಾನು.

ಮಾಮ ನನಗೆ ಒಂದು ಮಾತೂ ಬೈಲಿಲ್ಲ. "ಆ ಮನೆಗಳು ಹೇಗೂ ಹೋಗಿದ್ವಲ್ಲ" ಅಂದ್ರು ಅಷ್ಟೇ. ಕಾಲೋನಿಯಿಂದ ಒಬ್ಬ ಅಕ್ಕ ವರ್ಷಕ್ಕೊಂದು ಸಲ ಕೇಳ್ತಾ ಬರ್ತಿದ್ರಂತೆ, ಅವರ ಅಮ್ಮನ ಮದುವೆ ಫೋಟೋ ಸಿಗ್ತದಾ ಅಂತ. ಸ್ಕ್ಯಾನ್ ಆಗಿತ್ತು. ಚಪ್ಪರ, ಹಿಂದೆ ಸಮುದ್ರ, ಅದೇ ಮದುವೆ. ಪ್ರಿಂಟ್ ಹಾಕಿಸಿ ಗಣೇಶ ಚೌತಿಗೆ ಕೊಡೋಣ ಅಂತ ಮಾಮ ಇಟ್ಟಿದ್ರು. ಆ ವರ್ಷ ಚೌತಿ ಬಂದದ್ದು ನೆರೆ ಇಳಿದು ಕೆಲವೇ ವಾರಕ್ಕೆ.

ಮಗಳ ಡಿಸ್ಕ್ ಹುಬ್ಬಳ್ಳಿಯಲ್ಲಿ ಕಬ್ಬಿಣದ ಕಪಾಟಲ್ಲಿ ಸೀರೆಗಳ ಕೆಳಗೆ ಇತ್ತು. ಅದನ್ನ ತರಿಸಿ ನನ್ನ ಲ್ಯಾಪ್‌ಟಾಪ್‌ಗೆ ಹಚ್ಚಿ, ಫೋಲ್ಡರ್ ಪಟ್ಟಿ ಮಾಡಿಸಿದೆ. ಶಾಲೆಗಳಿವೆ. ಯಕ್ಷಗಾನ ಇದೆ. ಅಂಕೋಲೆ ಪೇಟೆಯ ಮೂವತ್ತು ವರ್ಷದ ಮದುವೆಗಳಿವೆ. ಕೊನೇ ಫೋಲ್ಡರ್ 2017ರ ಅಕ್ಟೋಬರ್, ಅದರಲ್ಲಿ ಮಾಮನ ಮೊಮ್ಮಕ್ಕಳು ಸುರುಸುರುಬತ್ತಿ ಹಚ್ತಾ ಇದ್ದಾರೆ. ಈಗ ಅದರದ್ದು ಮೂರು ಪ್ರತಿ ಇದೆ: ಹುಬ್ಬಳ್ಳಿಯಲ್ಲಿ ಒಂದು, ನನ್ನ ಮನೆಯಲ್ಲಿ ಒಂದು, ಅಂಕೋಲೆಯಲ್ಲಿ ಮಾಮನ ಅಟ್ಟದ ಮೇಲೆ ಒಂದು. ತಿಂಗಳ ಮೊದಲ ಭಾನುವಾರ ಮಾಮ ಫೋನ್ ಮಾಡ್ತಾರೆ. ಅಟ್ಟದ ಡಿಸ್ಕ್ ಇಳಿಸಿ, ಹಚ್ಚಿ, ನಾನು ಹೇಳಿದ ಸಾಲು ಒಂದೇ ಬೆರಳಲ್ಲಿ ಟೈಪ್ ಮಾಡಿ, ಪರದೆ ಮೇಲೆ ಬಂದದ್ದನ್ನ ಒಂದೊಂದೇ ಅಕ್ಷರ ಓದಿ ಹೇಳ್ತಾರೆ. ನಾನು ಮೀಟಿಂಗ್ ಇದ್ರೂ ಪೂರ್ತಿ ಕೇಳ್ತೀನಿ.